ಕಿನ್ನಿಯ ಪಾಲು

ಕದ್ರಿ, ಮಂಗಳೂರು
೧೦ ಜೂನ್ ೧೯೩೪

ಪ್ರೀತಿಯ ಮುದ್ದಕ್ಕನಿಗೆ,

ಆರು ವರ್ಷದಲ್ಲಿ ಇದು ನನ್ನ ಏಳನೇ ಕಾಗದ. ನಿನ್ನದು ಒಂದೂ ಬರಲಿಲ್ಲ. ಭಾವ ಮಾತ್ರ ದೀಪಾವಳಿಗೆ ಒಂದು ಕಾರ್ಡು ಹಾಕ್ತಾರೆ, "ಎಲ್ಲರೂ ಸೌಖ್ಯ" ಅಂತ. ನಿಮ್ಮ ಬೊಂಬಾಯಿಯಲ್ಲಿ ಎಲ್ಲರೂ ಅಂದರೆ ಇಬ್ಬರು. ನಮ್ಮಲ್ಲಿ ಎಲ್ಲರೂ ಅಂದರೆ ಇಪ್ಪತ್ತೊಂದು ಜನ, ಅದರಲ್ಲಿ ಒಂಬತ್ತು ಮಕ್ಕಳು. ಸೌಖ್ಯ ಎಲ್ಲಿಂದ ಬರಬೇಕು ಮಾರಾಯ್ತಿ?

ಶಾಲೆ ಶುರುವಾಯಿತು. ಕೊಡಿಯಾಲ್‌ಬೈಲಿನಲ್ಲಿ ನಲವತ್ತು ಚಿಕ್ಕ ಮಕ್ಕಳನ್ನು ಎದುರಿಗೆ ಕೂರಿಸಿ "ಇನ್ನೊಬ್ಬರ ವಸ್ತುವನ್ನು ಕೇಳದೆ ಮುಟ್ಟಬಾರದು" ಅಂತ ಕಲಿಸಿ ಬರ್ತೇನೆ. ಮನೆಗೆ ಬಂದು ನೋಡಿದರೆ ನನ್ನ ಬಾಚಣಿಗೆಯಲ್ಲಿ ಯಾರೋ ನಾಯಿಯ ಮೈ ಬಾಚಿರ್ತಾರೆ. ಯಾರು ಅಂತ ಕೇಳಿದರೆ ಒಂಬತ್ತು ಬಾಯಿಯೂ "ನಾನಲ್ಲ". ಈ ಮನೆಯಲ್ಲಿ ಯಾವುದು ಯಾರದ್ದು ಅಂತ ಯಾರಿಗೆ ಗೊತ್ತು? ಬೆಳಿಗ್ಗೆ ಮೊದಲು ಎದ್ದವನಿಗೆ ಒಳ್ಳೆಯ ಅಂಗಿ, ಕೊನೆಗೆ ಎದ್ದವನಿಗೆ ಗುಂಡಿ ಇಲ್ಲದ್ದು. ನಾವು ಬೆಳೆದದ್ದೂ ಹಾಗೆಯೇ ಅಲ್ಲವಾ? ಅಮ್ಮ ತೀರಿಹೋದ ಮೇಲೆ ದೇಯಿ ದೊಡ್ಡಮ್ಮ ನಮ್ಮನ್ನೂ ಅದೇ ರೀತಿ ಸಾಕಿದ್ದು.

ನನಗೆ ಸಾಕಾಯಿತು. ಶಾಲೆಯಲ್ಲಿ ಮಾಡುವ ಹಾಗೆ ಇಲ್ಲಿಯೂ ಮಾಡಿಬಿಡುವ ಅಂತ ಆಚಾರಿಯನ್ನು ಕರೆಸಿ ಚಾವಡಿಯ ಗೋಡೆಗೆ ಹಲಗೆ ಹೊಡೆಸಿದೆ. ಒಬ್ಬೊಬ್ಬರಿಗೆ ಒಂದು ಮೊಳೆ, ಮೊಳೆಗೆ ಒಂದು ಬೆತ್ತದ ಬುಟ್ಟಿ. ಓದಲಿಕ್ಕೆ ಬಾರದವರು ಇದ್ದಾರಲ್ಲ, ಅದಕ್ಕೆ ಮೊಳೆಯ ಮೇಲೆ ಚಿತ್ರ. ಕಿಟ್ಟುವಿಗೆ ಬಂಗುಡೆ ಮೀನು, ನನ್ನ ಜಯಳಿಗೆ ಕೊಡೆ, ದೊಡ್ಡಮ್ಮನ ಮೊಮ್ಮಗಳು ಲಕ್ಷ್ಮೀಗೆ ಮಲ್ಲಿಗೆ. ಆಚಾರಿ ಒಂಬತ್ತರ ಬದಲು ಹತ್ತು ಮೊಳೆ ಹೊಡೆದುಬಿಟ್ಟ. "ಒಂಬತ್ತಾದರೆ ನೋಡ್ಲಿಕ್ಕೆ ಒಂದು ಬದಿ ಖಾಲಿ ಕಾಣ್ತದೆ ಟೀಚರಮ್ಮ" ಅಂದ. ಹತ್ತನೆಯದಕ್ಕೆ ಗಲಾಟೆ ಶುರು. ಕಿಟ್ಟು ಅದಕ್ಕೆ ತನ್ನ ಬುಗುರಿ ನೇತುಹಾಕಿದ, ಜಯ ಅದನ್ನು ಕಿತ್ತು ಎಸೆದಳು, ಪೆಟ್ಟಾಯಿತು, ಒಬ್ಬನ ಮೂಗಿನಲ್ಲಿ ರಕ್ತ. ನಾನು ಜೋರಾಗಿ ಕೂಗಿದೆ: "ಅದು ನಿಮ್ಮ ಯಾರದ್ದೂ ಅಲ್ಲ! ಅದು ಕಿನ್ನಿಯದ್ದು!"

ಆ ಹೆಸರು ಯಾಕೆ ಬಾಯಿಗೆ ಬಂತೋ. ಜಗಳ ನಿಂತಿತು. ಕಿನ್ನಿ ಯಾರು ಅಂತ ಜಯ ಕೇಳಿದಳು. ನನ್ನ ಅಕ್ಕನ ಮಗಳು, ಚಿಕ್ಕ ಹುಡುಗಿ, ಈಗ ಇಲ್ಲಿ ಇಲ್ಲ ಅಂದೆ. ಸತ್ತಿದ್ದಾಳೆ ಅಂತ ಹೇಳಲಿಕ್ಕೆ ನಾಲಿಗೆ ಬರಲಿಲ್ಲ.

ನಿನಗೆ ಸಿಟ್ಟು ಬರಬಹುದು. ಬರಲಿ. ಸಿಟ್ಟಿಗಾದರೂ ಒಂದು ಕಾಗದ ಬರೆ. ಇನ್ನೊಂದು ಸುದ್ದಿ, ನನಗೆ ಈಗ ಮೂರು ತಿಂಗಳು. ಜಯ ಹುಟ್ಟಿ ಐದು ವರ್ಷದ ಮೇಲೆ. ನಡುವೆ ಎರಡು ಸಲ ನಿಲ್ಲದೆ ಹೋಯಿತು, ಅದನ್ನು ನಾನು ನಿನಗೆ ಬರೆದಿರಲಿಲ್ಲ. ಇದೊಂದು ನಿಂತರೆ ಸಾಕು ಅಂತ ದಿನಾ ಕೈ ಮುಗೀತೇನೆ.

ನಿನ್ನ ತಂಗಿ
ಹೇಮಾಕ್ಷಿ


ಪರೇಲ್, ಬೊಂಬಾಯಿ
೨೪ ಜೂನ್ ೧೯೩೪

ಹೇಮಾ,

ನನ್ನ ಮಗಳ ಹೆಸರನ್ನು ಒಂದು ಮೊಳೆಗೆ ನೇತುಹಾಕಿದ್ದೀಯ. ಒಳ್ಳೆಯದಾಯಿತು. ಬದುಕಿದ್ದಾಗ ಆ ಮನೆಯಲ್ಲಿ ಅವಳಿಗೆ ಒಂದು ಮೊಳೆಯೂ ಇರಲಿಲ್ಲ.

ನೀನು ಮರೆತಿದ್ದರೆ ನಾನು ನೆನಪು ಮಾಡ್ತೇನೆ. ಅವಳನ್ನು ಮಣ್ಣು ಮಾಡಿದ ಏಳನೇ ದಿನ. ನಾನು ಬಾವಿಕಟ್ಟೆಯಲ್ಲಿ ಮಿಂದು ಬಂದೆ. ಅಂಗಳದಲ್ಲಿ ಲಕ್ಷ್ಮೀ ಹುಣಸೆ ಬೀಜ ಹರಡಿಕೊಂಡು ಆಡ್ತಿದ್ದಳು. ಅವಳ ಮೈಮೇಲೆ ಕಿನ್ನಿಯ ಕೆಂಪು ಲಂಗ. ಹಳದಿ ಅಂಚನ್ನು ನಾನೇ ಹೊಲಿದದ್ದು. ಬೆನ್ನು ಹಾಕಿ ಕೂತಿದ್ದಳು. ಒಂದು ಕ್ಷಣ ನಾನು ಕಿನ್ನಿ ಅಂತ ಕರೆದೆ. ಹುಡುಗಿ ತಿರುಗಿದಳು. ಬೇರೆ ಮುಖ.

ಇದು ಯಾರ ಕೆಲಸ ಅಂತ ಕೇಳಿದೆ. ದೊಡ್ಡಮ್ಮ ಒಳಗಿಂದ ಹೇಳಿದರು: "ಮಡಚಿ ಇಟ್ಟು ಎಂತ ಮಾಡುವುದು? ಹಾಕ್ಲಿಕ್ಕೆ ಮಕ್ಕಳು ಇಲ್ಲವಾ?" ಸಂಜೆಗೆ ಅವಳ ಬಟ್ಟಲಿನಲ್ಲಿ ಇನ್ನೊಬ್ಬ ಉಣ್ಣುತ್ತಿದ್ದ. ಚಾಪೆಯಲ್ಲಿ ಇನ್ನೊಬ್ಬ ಮಲಗಿದ್ದ. ನನ್ನ ಹತ್ತಿರ ಅವಳದ್ದು ಅಂತ ಒಂದು ದಾರ ಕೂಡ ಉಳಿಯಲಿಲ್ಲ.

ಆ ಮೊಳೆ ತೆಗೆಸು. ಬಸುರಿ ಇದ್ದೀ, ಜಾಗ್ರತೆ.

ಮುದ್ದು


ಕದ್ರಿ
೧೨ ಜುಲೈ ೧೯೩೪

ಮುದ್ದಕ್ಕ,

ನಿನ್ನ ಅಕ್ಷರ ನೋಡಿ ಅತ್ತೆ. ಬೈದು ಬರೆದದ್ದಾದರೂ ನಿನ್ನ ಅಕ್ಷರ ಅಲ್ಲವಾ.

ಮೊಳೆ ತೆಗೆಯಲಿಕ್ಕೆ ಹೋದೆ. ಮಕ್ಕಳು ಬಿಡಲಿಲ್ಲ. ಜಯ ಸೊಂಟಕ್ಕೆ ಕೈ ಇಟ್ಟು ನಿಂತು ನನಗೇ ಪಾಠ ಹೇಳಿದಳು: "ಅಮ್ಮ, ಕೇಳದೆ ಮುಟ್ಟಬಾರದು. ಅದು ಕಿನ್ನಿಯದ್ದು." ಟೀಚರ ಮಗಳು ನೋಡು! ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತು ನಕ್ಕೆ.

ಈಗ ಅವರು ಎಲ್ಲದರಲ್ಲೂ ಅವಳಿಗೆ ಪಾಲು ಇಡ್ತಾರೆ. ಹಲಸಿನ ಹಣ್ಣು ಬಿಡಿಸಿದರೆ ಹತ್ತು ಪಾಲು. ಆ ಕಿಟ್ಟು, ಹೊಟ್ಟೆಬಾಕ, ಒಂದು ಸೊಳೆ ಹೆಚ್ಚು ತಿನ್ನಲಿಕ್ಕೆ ತಮ್ಮನ ಕೈ ಕಚ್ಚುವವನು, ಅವನೂ ಕಿನ್ನಿಯ ಬುಟ್ಟಿಗೆ ಇಟ್ಟೇ ತಿನ್ನುವುದು. ಬುಟ್ಟಿ ಸಂಜೆಗೆ ಖಾಲಿ. ಇಲಿ ಇರಬೇಕು ಅಂದುಕೊಂಡೆ. ಇಲಿ ಹಲಸಿನ ಬೀಜವನ್ನು ತೊಳೆದು ಸಾಲಾಗಿ ಇಟ್ಟು ಹೋಗ್ತದಾ ಅಕ್ಕ?

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆ ಕೆಂಪು ಲಂಗ ಇನ್ನೂ ಉಂಟು. ಲಕ್ಷ್ಮೀಗೆ ಗಿಡ್ಡ ಆದ ಮೇಲೆ ಪೆಟ್ಟಿಗೆಯ ತಳದಲ್ಲಿತ್ತು. ಜಯಳಿಗೆ ಹಾಕಲಿಕ್ಕೆ ಅಂತ ದೊಡ್ಡಮ್ಮ ತೆಗೆದರು. ಯಾರದ್ದು ಅಂತ ಜಯ ಕೇಳಿದಳು. ನಾನು ಈ ಸಲ ಸುಳ್ಳು ಹೇಳಲಿಲ್ಲ. ಅವಳು ತೆಗೆದುಕೊಂಡು ಹೋಗಿ ಹತ್ತನೇ ಮೊಳೆಗೆ ಹಾಕಿದಳು. ಮಾರನೇ ದಿನ ಮಧ್ಯಾಹ್ನ ಲಂಗವನ್ನು ತಂದು ನನ್ನ ಮಡಿಲಿಗೆ ಹಾಕಿ ಹೇಳಿದ್ದು: "ಕಿನ್ನಿಗೆ ಗಿಡ್ಡ ಆಗ್ತದಂತೆ. ಮೊಣಕಾಲಿನವರೆಗೂ ಬರುವುದಿಲ್ಲ."

ಅಕ್ಕ, ನಾನು ಮಕ್ಕಳಿಗೆ ಹೇಳಿದ್ದು ಚಿಕ್ಕ ಹುಡುಗಿ ಅಂತ. ಎಷ್ಟು ಎತ್ತರ ಇದ್ದಾಳೆ ನಿನ್ನ ಕಿನ್ನಿ ಅಂತ ತಮಾಷೆಗೆ ಕೇಳಿದೆ. ಜಯ ಲಕ್ಷ್ಮೀಯನ್ನು ಬಾಗಿಲ ದಾರಂದಕ್ಕೆ ಒರಗಿಸಿ ನಿಲ್ಲಿಸಿ, ಅವಳ ಹುಬ್ಬಿನ ಮಟ್ಟಕ್ಕೆ ಕೈ ಇಟ್ಟು "ಇಷ್ಟು" ಅಂದಳು. ದೊಡ್ಡಮ್ಮ ವೀಳ್ಯ ಮೆಲ್ಲುವುದನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಹೌದಲ್ಲ. ಐದು ವರ್ಷಕ್ಕೆ ಹೋದದ್ದು. ಆರು ವರ್ಷ ಆಯಿತು. ಆ ಕಡೆ ಹೋದ ಮಕ್ಕಳೂ ಬೆಳೆಯುತ್ತವೆ ಹೇಮಾ. ಇಲ್ಲದಿದ್ದರೆ ಸತ್ತ ಮಕ್ಕಳಿಗೆ ಪ್ರಾಯ ಬಂದಾಗ ನಾವು ಮದುವೆ ಮಾಡಿಸುವುದು ಯಾಕೆ?"

ನನಗೆ ಹೆದರಿಕೆ ಆಗ್ತಾ ಉಂಟು. ನೀನು ನಂಬುವುದಿಲ್ಲ ಅಂತ ಗೊತ್ತು. ಬೈದಾದರೂ ಬರೆ.

ಹೇಮಾ


ಪರೇಲ್
೧೯ ಜುಲೈ ೧೯೩೪

ಹೇಮಾ,

ಲಕ್ಷ್ಮೀಯ ಹುಬ್ಬಿನ ಮಟ್ಟ ಅಂದರೆ ನನಗೆ ಹೇಗೆ ತಿಳಿಯಬೇಕು? ನಾನು ಲಕ್ಷ್ಮೀಯನ್ನು ನೋಡಿ ಆರು ವರ್ಷ ಆಯಿತು. ಸೊಂಟದಿಂದ ಹಿಮ್ಮಡಿವರೆಗೆ ದಾರದಲ್ಲಿ ಅಳೆದು ದಾರ ಕಳಿಸು.

ಕೂದಲು ಎಷ್ಟು ಉದ್ದ? ಮುಂದಿನ ಎರಡು ಹಲ್ಲು ಬಂದಿವೆಯಾ? ಹೋಗುವಾಗ ಬಿದ್ದಿದ್ದವು. ಅನ್ನ ಉಣ್ತಾಳಾ, ಬರೀ ಹಣ್ಣು ತಿನ್ತಾಳಾ? ಜಯಳನ್ನು ಕೇಳಿ ಬರೆ. ಗದರಿಸಬೇಡ. ಸಾವಕಾಶ ಕೇಳು.

ಮುದ್ದು


ಕದ್ರಿ
೬ ಆಗಸ್ಟ್ ೧೯೩೪

ಅಕ್ಕ,

ದಾರ ಇದರೊಳಗೆ ಉಂಟು. ಅದನ್ನು ಅಳೆದದ್ದು ಹೇಗೆ ಅಂತ ಹೇಳ್ತೇನೆ. ಹಗಲು ಹನ್ನೆರಡು ಗಂಟೆ, ಚಾವಡಿ ತುಂಬ ಬೆಳಕು. ಜಯ ಗೋಡೆಯ ಹತ್ತಿರ ಗಾಳಿಯಲ್ಲಿ ದಾರದ ಒಂದು ತುದಿ ಹಿಡಿದಳು, ಇನ್ನೊಂದು ತುದಿಯನ್ನು ನೆಲಕ್ಕೆ ಮುಟ್ಟಿಸಲಿಕ್ಕೆ ಬಗ್ಗಿದಳು. ಬಗ್ಗುವಾಗ ಮೇಲಿನ ಕೈ ಬಿಟ್ಟಳು. ದಾರ ಬೀಳಲಿಲ್ಲ. ನಾನು ಒಂದು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು ಅದು ಹಾಗೆಯೇ ನೆಟ್ಟಗೆ ನಿಂತಿತ್ತು. ಹಲ್ಲು ಬಂದಿವೆಯಂತೆ. ಕೂದಲು ಸೊಂಟದವರೆಗೆ ಉಂಟಂತೆ, ಯಾರೂ ಬಾಚುವವರಿಲ್ಲವಂತೆ.

ಇದನ್ನೆಲ್ಲ ಬರೆದದ್ದು ನೀನು ಕೇಳಿದ್ದಕ್ಕೆ. ಈಗ ನನ್ನದು ಕೇಳು. ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ.

ಮೊನ್ನೆ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ದಿನ. ನಿನಗೆ ಗೊತ್ತಲ್ಲ, ತೀರಿಹೋದವರಿಗೆಲ್ಲ ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ಕೋಳಿ ಸಾರು ರೊಟ್ಟಿ ಬಡಿಸಿ, ಬಾಗಿಲು ಎಳೆದು ಹೊರಗೆ ಕಾಯುವುದು. ನಾನು ಒಲೆಯ ಮುಂದೆ ಬೆವರು ಸುರಿಸಿಕೊಂಡು ಕೂತಿದ್ದೆ. ಒಂಬತ್ತೂ ಪಿಶಾಚಿಗಳು ಬಂದು ಸುತ್ತ ಮುತ್ತಿದವು. ಹುಟ್ಟುವ ಮಗು ಯಾರದ್ದು ಅಂತ ಜಗಳ. ಜಯ ತನ್ನದು ಅಂತಾಳೆ, ಲಕ್ಷ್ಮೀ ತಾನು ಎತ್ತಿಕೊಳ್ಳುವವಳು ಅಂತಾಳೆ, ಕಿಟ್ಟು ಗಂಡಾದರೆ ತನಗೆ ಅಂತಾನೆ. ಒಂದು ರೊಟ್ಟಿ ಸೀದು ಹೋಯಿತು. ನನಗೆ ತಲೆ ಕೆಟ್ಟಿತು. ಒಳಗೆ ಎಲೆ ಹಾಕಿ ಆಗಿದೆ, ಕರೆದೂ ಆಗಿದೆ, ಬಾಗಿಲು ಇನ್ನೂ ಎಳೆದಿರಲಿಲ್ಲ. ನಾನು ಕಿರುಚಿದೆ: "ಇದು ನಿಮ್ಮ ಯಾರದ್ದೂ ಅಲ್ಲ, ಕಿನ್ನಿಯದ್ದು! ಹೋಗಿ ಇಲ್ಲಿಂದ!"

ಅವು ಹೋದವು. ತುಂಬ ವಿಧೇಯವಾಗಿ ಹೋದವು. ದೊಡ್ಡಮ್ಮ ನನ್ನನ್ನು ನೋಡಿದರು, ಆಮೇಲೆ ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆವತ್ತಿನಿಂದ ಮಕ್ಕಳು ನನ್ನ ಹೊಟ್ಟೆ ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಹತ್ತನೇ ಮೊಳೆಯ ಕಡೆ ತಿರುಗಿ ಕೇಳ್ತಾರೆ. ಮಗುವಿಗೆ ಅಂತ ಹೊಲಿದ ಚಿಕ್ಕ ಅಂಗಿಯನ್ನು ಪೆಟ್ಟಿಗೆಯಲ್ಲಿ ಇಟ್ಟರೆ ಬೆಳಿಗ್ಗೆ ಆ ಮೊಳೆಯಲ್ಲಿ ನೇತಾಡ್ತದೆ. ನಾಲ್ಕು ಸಲ ಬೀಗ ಹಾಕಿ ಇಟ್ಟೆ. ಮತ್ತೆ, ಅಕ್ಕ, ಈಗ ಐದು ತಿಂಗಳು. ಮಗು ಹೊರಳಬೇಕು. ಹೊರಳ್ತದೆ, ಆದರೆ ನಾನು ಆ ಗೋಡೆಯ ಹತ್ತಿರ ನಿಂತರೆ ಮಾತ್ರ. ಬೇರೆ ಎಲ್ಲಿಯೂ ಅಲ್ಲಾಡುವುದಿಲ್ಲ. ದಿನಕ್ಕೆ ಹತ್ತು ಸಲ ಹೋಗಿ ನಿಲ್ತೇನೆ, ಬದುಕಿದೆಯಾ ಅಂತ ನೋಡ್ಲಿಕ್ಕೆ.

ಇವರಿಗೆ ಹೇಳಿದರೆ ನಗಾಡ್ತಾರೆ, ಹೆಂಚಿನ ಕಾರ್ಖಾನೆಯ ಡಾಕ್ಟರನ್ನು ಕರೀತೇನೆ ಅಂತಾರೆ. ದೊಡ್ಡಮ್ಮ ನಿನ್ನೆ ಬಾಯಿ ಬಿಟ್ಟರು. ಎಲೆ ಹಾಕಿದ ದಿನ ಹೆಸರು ಹೇಳಿ ಕೊಟ್ಟ ಪಾಲನ್ನು ಕೊಟ್ಟವರು ಹಿಂದೆ ತೆಗೆಯಲಿಕ್ಕೆ ಆಗುವುದಿಲ್ಲವಂತೆ. ಸತ್ತವಳ ತಾಯಿ ಬಂದು ಕೇಳಿದರೆ ಮಾತ್ರ ಬಿಡ್ತಾಳಂತೆ.

ಅಕ್ಕ, ಬಾ. ನಿನ್ನ ಕಾಲು ಹಿಡೀತೇನೆ.

ಹೇಮಾ


ಪರೇಲ್
೨೨ ಆಗಸ್ಟ್ ೧೯೩೪

ಹೇಮಾ,

ದಾರ ತಲುಪಿತು. ಅಷ್ಟು ಉದ್ದ ಆಗಿದ್ದಾಳೆ ಅಂತ ನಾನು ನೆನೆಸಿರಲಿಲ್ಲ. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನಾನು ಬರುವುದಿಲ್ಲ. ಆ ಮನೆಯಲ್ಲಿ ಅವಳದ್ದು ಅಂತ ಇದ್ದದ್ದನ್ನೆಲ್ಲ ನೀವು ಕೇಳದೆ ತೆಗೆದುಕೊಂಡಿರಿ. ಈಗ ಒಂದನ್ನು ನೀನೇ ಬಾಯಿಬಿಟ್ಟು ಕೊಟ್ಟಿದ್ದೀ. ಕೊಟ್ಟದ್ದನ್ನು ಕಸಿದುಕೊಡು ಅಂತ ಅವಳ ತಾಯಿಯನ್ನೇ ಕರೀತೀಯಾ? ನಿನ್ನ ಶಾಲೆಯ ಮಕ್ಕಳಿಗೆ ಹೀಗೆಯೇ ಕಲಿಸುವುದಾ?

ಹೊಸ ಲಂಗ ಹೊಲಿದೆ, ಪಾರ್ಸೆಲ್ ಮಾಡಿದ್ದೇನೆ. ನೀಲಿ. ಅಂಚು ಎರಡು ಬೆರಳು ಮಡಚಿ ಹೊಲಿದಿದ್ದೇನೆ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಮೊಳೆಗೆ ಹಾಕು. ಸರಿಯಾಯಿತಾ ಅಂತ ಕೇಳಿ ಬರೆ.

ಮುದ್ದು


ಕದ್ರಿ
೧೬ ಸೆಪ್ಟೆಂಬರ್ ೧೯೩೪

ಮುದ್ದಕ್ಕ,

ನಿನ್ನ ಕಾಗದ ಓದಿ ಮೂರು ದಿನ ನಿನ್ನನ್ನು ಶಪಿಸಿದೆ. ನಾಲ್ಕನೇ ದಿನ ನನ್ನನ್ನೇ. ಈಗ ಶಪಿಸಲಿಕ್ಕೂ ತ್ರಾಣ ಇಲ್ಲ.

ಲಂಗ ಸರಿಯಾಗಿದೆಯಂತೆ. ಆದರೆ ಹಾಕಿಕೊಂಡಿಲ್ಲವಂತೆ. ತೆಗೆದು ಇಟ್ಟಿದ್ದಾಳಂತೆ, ಮಗುವನ್ನು ಕರೆದುಕೊಂಡು ಹೋಗುವ ದಿನಕ್ಕೆ. ಇದನ್ನು ಜಯ ನನ್ನಿಂದ ತಲೆಗೆ ಎಣ್ಣೆ ಹಾಕಿಸಿಕೊಳ್ಳುತ್ತಾ ಹೇಳಿದಳು, ಅವಳಿಗೆ ಇದೊಂದು ಸಾಧಾರಣ ವಿಷಯ. "ಅಮ್ಮ, ಅವಳ ಬುಟ್ಟಿಯಲ್ಲಿ ಮಗು ಹಿಡಿಯುವುದಿಲ್ಲ ಅಲ್ಲವಾ? ದೊಡ್ಡ ಬುಟ್ಟಿ ಕೊಡುವಾ?" ಅಂತ ಕೇಳಿದಳು. ನನ್ನ ಮಗಳು! ನಾನು ಅವಳಿಗೆ ಹೊಡೆದೆ. ಅವಳು ಅಳಲಿಲ್ಲ, ನನಗೆ ಎಂತಾಯಿತು ಅಂತ ನೋಡಿದಳು.

ನಿನ್ನೆ ಗೋಡೆಯ ಮುಂದೆ ನಿಂತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, "ಇದು ನನ್ನದು, ಇದು ನನ್ನದು" ಅಂತ ಕೂಗಿದೆ. ಮಕ್ಕಳು ಜಗಲಿಯಿಂದ ಕತ್ತು ಉದ್ದ ಮಾಡಿ ನೋಡ್ತಾ ಇದ್ದರು. ಕಳ್ಳಿಯನ್ನು ನೋಡುವ ಹಾಗೆ ನೋಡಿದರು ಅಕ್ಕ. ಆ ನೋಟವನ್ನು ಅವರಿಗೆ ಕಲಿಸಿದ್ದು ನಾನೇ.

ಆರು ವರ್ಷದಿಂದ ಒಂದು ಮಾತು ನನ್ನ ಗಂಟಲಲ್ಲಿ ಉಂಟು. ಆವತ್ತು ಲಕ್ಷ್ಮೀಗೆ ಲಂಗ ಹಾಕಿದ್ದು ದೊಡ್ಡಮ್ಮ ಅಲ್ಲ. ನಾನು. ಬೆಳಿಗ್ಗೆಯ ಮಳೆಗೆ ಹುಡುಗಿ ಒದ್ದೆಯಾಗಿ ನಡುಗ್ತಿದ್ದಳು, ಪೆಟ್ಟಿಗೆ ತೆರೆದು ಕೈಗೆ ಸಿಕ್ಕಿದ್ದನ್ನು ಎಳೆದು ಹಾಕಿದೆ. ಯಾರದ್ದು ಅಂತ ನೋಡಲಿಲ್ಲ. ನಮ್ಮ ಮನೆಯಲ್ಲಿ ಯಾರು ಯಾವತ್ತು ನೋಡಿದ್ದು? ನೀನು ಅಂಗಳದಲ್ಲಿ ಬೊಬ್ಬೆ ಹಾಕಿದಾಗ ನಾನು ಬಾಗಿಲ ಹಿಂದೆ ಇದ್ದೆ. ದೊಡ್ಡಮ್ಮ ನನ್ನ ಮುಖ ನೋಡಿ, ತಾನೇ ಮಾಡಿದ ಹಾಗೆ ಮಾತಾಡಿದರು. ನಾನು ಬಾಯಿ ಬಿಡಲಿಲ್ಲ. ನೀನು ಗಂಟು ಕಟ್ಟಿಕೊಂಡು ಬಂದರಿಗೆ ನಡೆದೆ, ಆಗಲೂ ಬಿಡಲಿಲ್ಲ. ಆ ಮೇಲೆ ಬರೆದ ಆರು ಕಾಗದದಲ್ಲಿಯೂ ಊರಿನ ಸುದ್ದಿಯೆಲ್ಲ ಬರೆದೆ, ಇದನ್ನು ಬರೆಯಲಿಲ್ಲ. ಹೆದರಿಕೆ. ನಿನ್ನ ಪ್ರೀತಿಯೂ ಹೋದರೆ ಅಂತ.

ಮುದ್ದಕ್ಕ, ತಪ್ಪು ನನ್ನದು. ಬೇಕಾದರೆ ನನ್ನ ಮುಖ ನೋಡಬೇಡ. ಮಗುವಿನದ್ದು ಎಂತ ತಪ್ಪು?

ಹೇಮಾ


ಪರೇಲ್
೩ ಅಕ್ಟೋಬರ್ ೧೯೩೪

ಹೇಮಾ,

ನೀನೇ ಅಂತ ನನಗೆ ಆವತ್ತೇ ಗೊತ್ತಿತ್ತು. ಲಂಗದ ಲಾಡಿಯನ್ನು ಎಡಕ್ಕೆ ಗಂಟು ಹಾಕುವವಳು ಆ ಮನೆಯಲ್ಲಿ ನೀನೊಬ್ಬಳೇ.

ಆರು ವರ್ಷ ನೀನು ಹೇಳ್ತೀಯಾ ಅಂತ ಕಾದೆ. ಈಗ ಹೇಳಿದ್ದೀ. ಸಾಕು.

ಮುಂದಿನ ಸ್ಟೀಮರಿನಲ್ಲಿ ಬರ್ತೇನೆ. ಬಂದರಿಗೆ ಯಾರೂ ಬರಬೇಕಾಗಿಲ್ಲ. ಒಳಗಿನ ಕೋಣೆ ಗುಡಿಸಿ ಇಡಿ. ಅವಳ ಬುಟ್ಟಿಯನ್ನು, ಲಂಗವನ್ನು ಯಾರೂ ಮುಟ್ಟಬೇಡಿ. ನೀನು ಆ ಗೋಡೆಯ ಹತ್ತಿರ ಹೋಗುವುದನ್ನು ನಿಲ್ಲಿಸು.

ಮುದ್ದು


ಕದ್ರಿ
೩೦ ಡಿಸೆಂಬರ್ ೧೯೩೪

ಅಕ್ಕ,

ಗಂಡು ಮಗು. ಹದಿನಾಲ್ಕನೇ ತಾರೀಕು ಬೆಳಿಗ್ಗೆ. ಆರೋಗ್ಯವಾಗಿದ್ದಾನೆ, ಇಡೀ ಕದ್ರಿಗೆ ಕೇಳುವ ಹಾಗೆ ಅಳ್ತಾನೆ. ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸು. ಕಣ್ಣು ಮುಚ್ಚಿದರೆ ಯಾರಾದರೂ ತೆಗೆದುಕೊಂಡು ಹೋಗ್ತಾರೋ ಅಂತ ಅವನನ್ನು ಕೆಳಗೆ ಇಡಲಿಕ್ಕೇ ನನಗೆ ಧೈರ್ಯ ಬರಲಿಲ್ಲ. ಈಗ ಸ್ವಲ್ಪ ಬಂದಿದೆ.

ನೀನು ಬಂದು ಹೋದದ್ದು ಒಂದೇ ಹಗಲು. ಬಂದವಳು ನೀರು ಕೂಡ ಕುಡಿಯಲಿಲ್ಲ. ಎಲೆ ಹಾಕಿ ಬಡಿಸಿ ಎಲ್ಲರೂ ಹೊರಗೆ ಬರುವುದು ಕ್ರಮ. ನೀನು ನಮ್ಮನ್ನು ಹೊರಗೆ ಕಳಿಸಿ ಒಳಗಿನಿಂದ ಅಗುಳಿ ಹಾಕಿಕೊಂಡೆ. ದೊಡ್ಡಮ್ಮ ಬಾಗಿಲು ಬಡಿದು ಬಡಿದು ಅತ್ತರು: "ಬೇಡ ಮಗಾ, ಅವರು ಉಣ್ಣುವಾಗ ನಾವು ಅಲ್ಲಿ ಇರಬಾರದು." ನೀನು ತೆರೆಯಲಿಲ್ಲ. ನಮಗೆ ಕೇಳಿಸಿದ್ದು ನಿನ್ನ ಮಾತು ಮಾತ್ರ, ಅದೂ ಅಸ್ಪಷ್ಟ. ಮಧ್ಯೆ ಮಧ್ಯೆ ನೀನು ಸುಮ್ಮನಾಗ್ತಿದ್ದೆ, ಉತ್ತರ ಕೇಳುವ ಹಾಗೆ. ಒಮ್ಮೆ ನೀನು ನಕ್ಕೆ.

ಹೊರಗೆ ಬಂದಾಗ ನಿನ್ನ ಬೆರಳ ಸಂದಿನಲ್ಲಿ ಬಾಚಣಿಗೆ ಇತ್ತು. ಅದರಲ್ಲಿ ಉದ್ದದ ಕೂದಲು. ನಿನ್ನ ಕೂದಲು ಅರ್ಧ ಬೆಳ್ಳಗಾಗಿದೆ ಅಕ್ಕ, ಅದು ಕಪ್ಪು. ನೀನು ಗೋಡೆಯ ಮೊಳೆಯನ್ನು ಕೈಯಿಂದಲೇ ಕಿತ್ತೆ, ಬುಟ್ಟಿ ತೆಗೆದುಕೊಂಡೆ, ನೀಲಿ ಲಂಗ ಆಗಲೇ ಅಲ್ಲಿ ಇರಲಿಲ್ಲ, ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು "ಇದು ಹೇಮಾಕ್ಷಿಯದ್ದು" ಅಂದೆ. ಮಗು ಒದೆಯಿತು, ಗೋಡೆಯಿಂದ ಅಷ್ಟು ದೂರ ನಿಂತಿದ್ದರೂ ಒದೆಯಿತು. ನೀನು ಗೇಟು ದಾಟಿ ಇಳಿಜಾರಿನಲ್ಲಿ ನಡೆಯುವಾಗ ಬಲಗೈಯನ್ನು ಮೈಯಿಂದ ಸ್ವಲ್ಪ ದೂರ ಇಟ್ಟು ನಡೆದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹಾಗೆ ನಡೆಯುತ್ತಾರೆ.

ಒಂದು ವಿಚಿತ್ರ ಹೇಳ್ತೇನೆ. ಮಕ್ಕಳಿಗೆ ಕಿನ್ನಿ ಅಂದರೆ ಯಾರು ಅಂತಲೇ ನೆನಪಿಲ್ಲ. ಜಯಳನ್ನು ಕೇಳಿದೆ. "ಯಾರಮ್ಮ ಅದು?" ಅಂದಳು. ನಾಟಕ ಅಲ್ಲ, ನನ್ನ ಮಗಳ ನಾಟಕ ನನಗೆ ಗೊತ್ತಾಗ್ತದೆ. ಹಲಸಿನ ಹಪ್ಪಳಕ್ಕೆ ಮತ್ತೆ ಕಚ್ಚಾಟ ಶುರುವಾಗಿದೆ, ಒಂಬತ್ತು ಪಾಲು, ಕಿಟ್ಟುವಿಗೆ ಒಂದೂವರೆ. ಆ ಜಗಳ ಕೇಳಿದರೆ ಈಗ ನನಗೆ ಸಂತೋಷ ಆಗ್ತದೆ.

ಬದುಕಿರುವವರೆಗೆ ಈ ಋಣ ನಾನು ತೀರಿಸಲಿಕ್ಕೆ ಆಗುವುದಿಲ್ಲ. ಒಂದೇ ಒಂದು ಕೇಳ್ತೇನೆ. ಆವತ್ತು ಒಳಗೆ ಅವಳಿಗೆ ಎಂತ ಹೇಳಿದೆ? ಮಗುವನ್ನು ಹೇಗೆ ಬಿಟ್ಟಳು? ಶಿವರಾತ್ರಿಗೆ ಇವರಿಗೆ ರಜೆ ಉಂಟು, ಮಗುವನ್ನು ಎತ್ತಿಕೊಂಡು ನಾವು ಬೊಂಬಾಯಿಗೆ ಬರ್ತೇವೆ. ನಿನ್ನ ಮಡಿಲಲ್ಲಿ ಅವನನ್ನು ಹಾಕದೆ ನನಗೆ ಸಮಾಧಾನ ಇಲ್ಲ.

ಹೇಮಾಕ್ಷಿ


ಪರೇಲ್
೨೭ ಜನವರಿ ೧೯೩೫

ಹೇಮಾ,

ಮಗುವಿನ ಸುದ್ದಿ ಓದಿ ಸಂತೋಷ ಆಯಿತು. ಎಣ್ಣೆ ಹಚ್ಚಿ ಬಿಸಿನೀರು ಹಾಕು, ತಣ್ಣೀರು ಬೇಡ. ನೀವು ಇಲ್ಲಿಗೆ ಬರುವುದು ಬೇಡ.

ಕೇಳಿದೆಯಲ್ಲ, ಹೇಳ್ತೇನೆ. ಬಾಗಿಲು ಹಾಕಿದ ಮೇಲೆ ಮೊದಲು ಏನೂ ಇರಲಿಲ್ಲ. ಆಮೇಲೆ ರೊಟ್ಟಿ ಮುರಿಯುವ ಶಬ್ದ. ತಲೆ ತಗ್ಗಿಸಿ ಉಣ್ಣುತ್ತಿದ್ದಳು. ನೀಲಿ ಲಂಗ ಹಾಕಿದ್ದಳು. ನಾನು ಹಿಂದೆ ಕೂತು ತಲೆ ಬಾಚಿದೆ. ತುಂಬ ಸಿಕ್ಕು. ಆರು ವರ್ಷದ ಸಿಕ್ಕು. ನೋವಾಗ್ತದಾ ಅಂತ ಕೇಳಿದೆ. ಅವಳು ನಿನ್ನ ಹಾಗೆಯೇ ಮುಖ ಸಿಂಡರಿಸಿದಳು, ಅದಕ್ಕೆ ನಾನು ನಕ್ಕದ್ದು.

ಮಗು ನಿನ್ನದಲ್ಲ ಮಗಾ, ಚಿಕ್ಕಮ್ಮ ಬಾಯಿ ತಪ್ಪಿ ಕೊಟ್ಟದ್ದು, ಹಿಂದೆ ಕೊಡು ಅಂದೆ. ಅವಳು ಜಗಳ ಮಾಡಲಿಲ್ಲ. ಲಂಗ ಲಕ್ಷ್ಮೀಗೆ ಹೋಯಿತು, ಬಟ್ಟಲು ಹೋಯಿತು, ಚಾಪೆ ಹೋಯಿತು, ಮಗುವೂ ನನ್ನದಲ್ಲ, ಹಾಗಾದರೆ ನನ್ನದು ಎಂತ ಉಂಟು ಅಂತ ಕೇಳಿದಳು.

"ನಾನು" ಅಂದೆ.

ಎಲೆಯ ಮುಂದೆ, ಹೆಸರು ಹೇಳಿ ನನ್ನನ್ನೇ ಕೊಟ್ಟೆ. ಬಾಯಿ ತಪ್ಪಿ ಅಲ್ಲ.

ಈಗ ಇಲ್ಲಿ ನನ್ನ ಜೊತೆಗೇ ಇದ್ದಾಳೆ. ಚಾಳಿನಲ್ಲಿ ಪಕ್ಕದ ಕೋಣೆಯ ಹಬೀಬಾ ಮೊದಲು ಬಂದು ಯಾರ ಹತ್ತಿರ ಮಾತಾಡ್ತೀ ಅಂತ ಕೇಳ್ತಿದ್ದಳು, ಈಗ ಬರುವುದಿಲ್ಲ. ನಿನ್ನ ಭಾವ ಒಮ್ಮೆ ನನ್ನ ಕೈ ಹಿಡಿದರು. ಅವರಿಗೆ ಒಂಬತ್ತು ದಿನ ಜ್ವರ ಬಂತು. ಅವರು ಈಗ ಮಿಲ್ಲಿನ ಸ್ನೇಹಿತರ ಕೋಣೆಯಲ್ಲಿ ಮಲಗುವುದು. ಒಳ್ಳೆಯ ಮನುಷ್ಯ, ಬಾಗಿಲ ಹತ್ತಿರ ಅಕ್ಕಿ ಇಟ್ಟು ಹೋಗ್ತಾರೆ. ನಳ್ಳಿಯ ನೀರಿಗೆ ಹೋಗುವಾಗ ನಾನು ಅವಳನ್ನು ಕೇಳಿ ಹೋಗ್ತೇನೆ. ಕಿಟಕಿಯ ಹತ್ತಿರ ನಿಲ್ಲಬೇಕಾದರೂ ಕೇಳ್ತೇನೆ. ಹೆಚ್ಚಾಗಿ ಬೇಡ ಅಂತಾಳೆ. ಅವಳಿಗೆ ಇದುವರೆಗೆ ತನ್ನದು ಅಂತ ಒಂದೂ ಇರಲಿಲ್ಲ, ಸ್ವಲ್ಪ ಬಿಗಿಯಾಗಿ ಹಿಡೀತಾಳೆ. ಅಷ್ಟೇ. ನನಗೆ ದುಃಖ ಇಲ್ಲ ಹೇಮಾ. ನೀನು ಅಳಬೇಡ.

ಈ ಕಾಗದವನ್ನು ಅವಳನ್ನು ಕೇಳಿಯೇ ಬರೀತಾ ಇದ್ದೇನೆ. ಒಂದು ಬರೆಯಬಹುದು ಅಂದಿದ್ದಾಳೆ. ಒಂದೇ.

ಕಿನ್ನಿಯ ಅಮ್ಮ